ಎತ್ತಬಾರದ ಫೋನು

ಮದರಾಸಿನವರು ಕತ್ತಿರಿ ಎನ್ನುವ ಸುಡುಬಿಸಿಲಿನ ಕೊನೆಯ ದಿನಗಳು. ಮಧ್ಯಾಹ್ನದ ಊಟ ಮುಗಿದು, ಸೌಕಾರ್‌ಪೇಟೆಯ ಓಣಿಯಲ್ಲಿ ಗಂಟು ಹೊರುವವರೂ ತಮ್ಮ ಕೈಗಾಡಿಗಳ ಕೆಳಗೇ ನೆರಳು ಹುಡುಕಿ ಮಲಗಿದ್ದ ಹೊತ್ತು. ಅಂಥ ಹೊತ್ತಿನಲ್ಲಿ ಕುಮಾರಸ್ವಾಮಿ ಅಟ್ಟ ಹತ್ತಿದ. ಐವತ್ತು ದಾಟಿದ ಗಂಡಸು. ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು ಕೂತು ಹೊಟ್ಟೆ ಬಂದಿದೆ. ಏಣಿ ಹತ್ತಬೇಡವೋ ಎಂದು ಕೆಳಗಿನಿಂದ ತಾಯಿ ಸರ್ವಮಂಗಳಮ್ಮ ಹೇಳುತ್ತಲೇ ಇದ್ದರು. ಅವನು ಕೇಳಲಿಲ್ಲ. ಇಳಿದಾಗ ಅವನ ಕಂಕುಳಲ್ಲಿ ಹಳೇ ಪಂಚೆಯಲ್ಲಿ ಸುತ್ತಿದ ಗಂಟೊಂದಿತ್ತು.

ಗಂಟು ಬಿಚ್ಚಿದರೆ ಅವನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ವೀರಪ್ಪನವರು ಬರ್ಮಾ ಬಜಾರಿನಿಂದ ತಂದುಕೊಟ್ಟಿದ್ದ ಕಂಪ್ಯೂಟರು. ಈಗಿನವುಗಳ ಹಾಗಲ್ಲ. ಗುಂಡಿಗಳಿರುವ ಒಂದು ದಪ್ಪ ಮಣೆ, ಅಷ್ಟೇ. ಅದರ ತಂತಿಯನ್ನು ಟಿ.ವಿ.ಗೆ ಸಿಕ್ಕಿಸಿದರೆ ಪರದೆಯ ಮೇಲೆ ಅಕ್ಷರ ಬರುತ್ತಿತ್ತು. ಬಿಳಿ ಇದ್ದದ್ದು ಈಗ ಹಳೇ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ವೀರಪ್ಪನವರು ಹೋಗಿಯೇ ವರ್ಷಗಳಾದವು. ಆ ಮಣೆ ಮಾತ್ರ ಟಿ.ವಿ.ಗೆ ಸಿಕ್ಕಿಸಿದ ತಕ್ಷಣ ಕಣ್ಣು ಬಿಟ್ಟಿತು. ಕುಮಾರಸ್ವಾಮಿಯ ಕಣ್ಣಲ್ಲಿ ನೀರು. ಅದನ್ನು ನೋಡಿ ಸರ್ವಮಂಗಳಮ್ಮನವರಿಗೂ ಸಂತೋಷವೇ ಆಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಇದನ್ನ ನೆಟ್ಟಿಗೆ ಹಾಕ್ತೀನಮ್ಮಾ," ಅಂದ.

ಅವನ ಹೆಂಡತಿ ಕೋಮಲಾ ಅಡುಗೆಮನೆಯಿಂದಲೇ ಕೇಳಿದಳು: "ಎಲ್ಲಾರ ಕೈಯಾಗೂ ಮೊಬೈಲು, ಅದರಾಗೇ ನೆಟ್ಟು. ಇದಕ್ಯಾಕ್ರೀ ಈ ಒದ್ದಾಟ? ಎತ್ತಿನ ಗಾಡೀಲಿ ಏರ್‌ಪೋರ್ಟಿಗೆ ಹೋದಂಗೆ."

"ಅದೇ ಕಣೇ ಗತ್ತು! ಎತ್ತಿನ ಗಾಡೀಲೇ ಹೋಗಬೇಕು. ಫೋನಿನ ತಂತಿ ಮೇಲೆ ಹೋಗಬೇಕು. ನಮ್ಮ ಗ್ರೂಪಿನಾಗೆ ಎಲ್ಲಾ ಹಂಗೇ ಮಾಡ್ತಾರೆ."

ಹಳೇ ಕಂಪ್ಯೂಟರಿನ ಹುಚ್ಚಿರುವವರ ಒಂದು ಗುಂಪು ಅದು, ಮೊಬೈಲಿನಲ್ಲಿ. ಅದರಲ್ಲೊಬ್ಬ ವಿಶ್ವನಾಥ ಅಂತ, ಕೊಯಮತ್ತೂರಿನವನು, ಕುಮಾರಸ್ವಾಮಿಗೆ ಮೋಡೆಮ್ಮು ಕಳಿಸಿಕೊಟ್ಟಿದ್ದ. ಚಪ್ಪಟೆ ಡಬ್ಬಿ, ಮುಂದೆ ಕೆಂಪು ದೀಪಗಳ ಸಾಲು. ಕಂಪ್ಯೂಟರಿನ ಮಾತನ್ನು ಕೂಗಾಗಿ ಮಾಡಿ ಫೋನಿನ ತಂತಿಯಲ್ಲಿ ಕಳಿಸುತ್ತದೆ, ಆ ಕಡೆ ಇನ್ನೊಂದು ಡಬ್ಬಿ ಆ ಕೂಗನ್ನು ಕೇಳಿ ಮತ್ತೆ ಮಾತು ಮಾಡಿಕೊಳ್ಳುತ್ತದೆ. ಅದಕ್ಕೆ ತಾಮ್ರದ ತಂತಿಯ ಹಳೇ ಫೋನೇ ಬೇಕು. ಓಣಿಯವರೆಲ್ಲ ಅಂಥ ಫೋನು ತೆಗೆಸಿ ಯಾವ ಕಾಲವಾಯಿತೋ. ಇವರ ಮನೆಯಲ್ಲಿ ಉಳಿದಿತ್ತು. ಉಳಿದದ್ದು ಸರ್ವಮಂಗಳಮ್ಮನವರ ಹಟದಿಂದ.

ಆ ಹಟಕ್ಕೆ ಕಾರಣವಿತ್ತು. ಕೋಡಂಬಾಕ್ಕಂನಲ್ಲಿ ಜಯಲಕ್ಷ್ಮಮ್ಮ ಇದ್ದರು.

ಮದುವೆಯಾಗಿ ಹರಿಹರದಿಂದ ಮದರಾಸಿಗೆ ಬಂದಾಗ ಸರ್ವಮಂಗಳಮ್ಮನವರಿಗೆ ಒಂದಕ್ಷರ ತಮಿಳು ಬರುತ್ತಿರಲಿಲ್ಲ. ಕೋಡಂಬಾಕ್ಕಂನ ಸ್ಟುಡಿಯೋ ಒಂದರ ಗೋಡೆಗೆ ಆತುಕೊಂಡ ಸಾಲುಮನೆಯಲ್ಲಿ ಬಾಡಿಗೆಗಿದ್ದರು. ಪಕ್ಕದ ಪೋರ್ಷನ್ನಿನಲ್ಲಿ ಮಂಡ್ಯ ಕಡೆಯ ಜಯಲಕ್ಷ್ಮಮ್ಮ. ಅವರ ಗಂಡ ಸೆಟ್ಟು ಹಾಕುವ ಬಡಗಿ. ಆಗ ಕನ್ನಡ ಪಿಕ್ಚರುಗಳೂ ಅಲ್ಲೇ ತೆಗೆಯುತ್ತಿದ್ದ ಕಾಲ. ಒಬ್ಬರದು ಹರಿಹರದ ಮಾತು, ಒಬ್ಬರದು ಮಂಡ್ಯದ ಮಾತು, ಒಬ್ಬರದನ್ನೊಬ್ಬರು ಅಣಕಿಸಿ ನಕ್ಕೇ ಆ ಬೇಸಿಗೆಗಳು ಕಳೆದವು. ಆಮೇಲೆ ವೀರಪ್ಪನವರಿಗೆ ಅಂಗಡಿಯ ಮೇಲಿನ ಮನೆ ಸಿಕ್ಕಿತು, ಇವರು ಸೌಕಾರ್‌ಪೇಟೆಗೆ ಬಂದರು. ಪಿಕ್ಚರಿನವರು ಬೆಂಗಳೂರಿಗೆ ಹೋದರು, ಸ್ಟುಡಿಯೋ ಹೋಗಿ ಕಲ್ಯಾಣ ಮಂಟಪವಾಯಿತು, ಬಡಗಿಯೂ ತೀರಿಕೊಂಡರು. ಜಯಲಕ್ಷ್ಮಮ್ಮ ಮಾತ್ರ ಆ ಒಂದು ರೂಮು, ಹಿಂದಿನ ತುಳಸಿಕಟ್ಟೆ ಬಿಟ್ಟು ಕದಲಲಿಲ್ಲ. ಮಕ್ಕಳಿಲ್ಲ. ಇರುವವನೊಬ್ಬ ತಂಗಿಯ ಮಗ ವರುಣ್, ಚೆನ್ನೈಯಲ್ಲೇ ದೊಡ್ಡ ಕಂಪನಿಯಲ್ಲಿ ಕೆಲಸ, ಬಂದು ಮೂರೋ ನಾಕೋ ವರ್ಷ. ಬಂದ ದಿನದಿಂದ ಅವನದು ಒಂದೇ ಜಪ: "ದೊಡ್ಡಮ್ಮ, ಒಬ್ಬರೇ ಇರೋದು ಸೇಫ್ ಅಲ್ಲ. ಮಂಡ್ಯಕ್ಕೆ ಹೋಗಿ ಅಮ್ಮನ ಜೊತೆ ಇರಿ."

ಕೊನೆಗೆ ಜಯಲಕ್ಷ್ಮಮ್ಮನೇ ಒಂದು ಒಪ್ಪಂದ ಮಾಡಿದರು, ಸರ್ವಮಂಗಳಮ್ಮನವರ ಎದುರಿಗೇ.

"ನೋಡಪ್ಪ ವರುಣಾ, ಬೆಳಿಗ್ಗೆ ಎದ್ದೇಟ್ಗೆ ಮಂಗಳಂಗೆ ಒಂದ್ ರಿಂಗ್ ಕೊಡ್ತೀನಿ. ರಿಂಗ್ ಬಂತು ಅಂದ್ರೆ ನಾನು ಎದ್ದಿವ್ನಿ ಅಂತ. ಬರ್ನಿಲ್ಲ ಅಂದ್ರೆ ಅವ್ಳು ನಿಂಗೇಳ್ತಾಳೆ. ಆಮ್ಯಾಕೆ ನೀನು ಎಲ್ಗ್ ಕರದ್ರೂ ಬತ್ತೀನಿ, ತುಟಿ ಎರಡ್ ಮಾಡಾಕಿಲ್ಲ."

"ಖಂಡಿತ ಹೇಳ್ತೀನಪ್ಪಾ," ಎಂದು ಸರ್ವಮಂಗಳಮ್ಮ ಮಾತು ಕೊಟ್ಟರು.

ಅಂದಿನಿಂದ ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ಬಂದು ಬೀಳುವ ಹೊತ್ತಿಗೆ ಮುಂದಿನ ಹಾಲ್‌ನ ಮೂಲೆಯ ಫೋನು ಹೊಡೆದುಕೊಳ್ಳುತ್ತಿತ್ತು. ಸರ್ವಮಂಗಳಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಎತ್ತುತ್ತಿರಲಿಲ್ಲ. ಅದು ಎತ್ತುವ ಫೋನಲ್ಲ. ಎತ್ತಿದರೆ ಮಾತು, ಮಾತಿಗೆ ಬೇರೆ ಹೊತ್ತಿದೆ. ಎತ್ತದೆ ಬಿಟ್ಟರೆ ಕ್ಷೇಮ. ಹೊಡೆದುಕೊಂಡು ತಾನೇ ನಿಂತಾಗ "ಎದ್ದಳು" ಎಂದು ಹೇಳಿಕೊಂಡು ವಿಭೂತಿ ಹಚ್ಚಿಕೊಳ್ಳಲು ಏಳುತ್ತಿದ್ದರು. ಆ ಕಡೆ ಜಯಲಕ್ಷ್ಮಮ್ಮ ಕೂಡಲೇ ತಮ್ಮ ಪುಟ್ಟ ಮೊಬೈಲನ್ನು ಆಫ್ ಮಾಡಿ ದೇವರ ಗೂಡಿನಲ್ಲಿ ಇಡುತ್ತಿದ್ದರು, ಚಾರ್ಜು ಉಳಿಯಲಿ ಅಂತ.

ಕುಮಾರಸ್ವಾಮಿಗೆ ಇದು ಗೊತ್ತಿರಲಿಲ್ಲವೇ ಎಂದರೆ, ಒಂದೇ ಮನೆಯಲ್ಲಿ ಇದ್ದವನಿಗೆ ಗೊತ್ತಿರಲಿಲ್ಲ. ಅವನು ಏಳುವುದು ಎಂಟಕ್ಕೆ.

ಮೊದಲು ತೊಂದರೆ ಏನೂ ಆಗಲಿಲ್ಲ. ತಂತಿಯನ್ನು ತನ್ನ ರೂಮಿಗೆ ಎಳೆದು ಮೋಡೆಮ್ಮಿಗೆ ಸಿಕ್ಕಿಸಿ, ಅಲ್ಲಿಂದ ಇನ್ನೊಂದು ತಂತಿಯನ್ನು ಹಾಲಿನ ಫೋನಿಗೆ ಬಿಟ್ಟ. ಸಂಜೆ ಅಂಗಡಿ ಮುಚ್ಚಿ ಬಂದವನೇ ಡಬ್ಬಿಯಿಂದ ಕೊಯಮತ್ತೂರಿಗೆ ಫೋನು ಹಚ್ಚಿಸುತ್ತಿದ್ದ. ಡಬ್ಬಿ ಮೊದಲು ಕೊಯ್ಯ್ ಅನ್ನುವುದು, ಆ ಕಡೆಯದು ಕೀಚ್ ಅನ್ನುವುದು, ಆಮೇಲೆ ಎರಡೂ ಸೇರಿ ಕಾದ ಹಂಚಿನ ಮೇಲೆ ನೀರು ಸುರಿದ ಹಾಗೆ ಬುಸುಗುಡುವುದು. ಆಮೇಲೆ ಟಿ.ವಿ. ಮೇಲೆ ಒಂದೊಂದೇ ಅಕ್ಷರ, ಇರುವೆ ಸಾಲಿನ ಹಾಗೆ. ಯಾವುದೋ ದೇಶದ ಹವೆ, ಯಾವುದೋ ಪೇಪರಿನ ಸುದ್ದಿ.

"ಬಂತು ನೋಡಮ್ಮಾ, ಬಂತು!"

"ಬರಲಿ ಬಿಡಪ್ಪಾ. ಬೆಳಿಗ್ಗೆ ಹೊತ್ತು ಮಾತ್ರ ನನ್ನ ಫೋನಿನ ತಂಟೆಗೆ ಹೋಗಬ್ಯಾಡ," ಎಂದು ಸರ್ವಮಂಗಳಮ್ಮ ಅಂದದ್ದುಂಟು. ಒಂದು ಸಲವಲ್ಲ, ಹಲವು ಸಲ.

"ಚುಮ್ಮಾ ಟೆನ್ಶನ್ ಆಗಬ್ಯಾಡಮ್ಮಾ. ಒಂದು ತೊಂದರೆಯೂ ಇಲ್ಲ."

ಆಡಿ ತಿಂಗಳ, ಅಂದರೆ ಆಷಾಢದ, ರಿಯಾಯ್ತಿ ಮಾರಾಟ ಶುರುವಾಗುವ ಮುಂಚೆ ಅವನ ಹುಚ್ಚು ಒಂದು ಮೆಟ್ಟಿಲು ಮೇಲಕ್ಕೆ ಹೋಯಿತು. ತಾನು ಬೇರೆಯವರ ಡಬ್ಬಿಗೆ ಫೋನು ಮಾಡುವುದು ಸಾಲದು, ಬೇರೆಯವರು ತನ್ನ ಡಬ್ಬಿಗೆ ಫೋನು ಮಾಡಬೇಕು, ತನ್ನ ಕಂಪ್ಯೂಟರಿನ ಒಳಗೆ ಬಂದು ನೋಡಿ ಹೋಗಬೇಕು. ಮನೆ ನಂಬರನ್ನು ಗುಂಪಿನವರಿಗೆಲ್ಲ ಕೊಟ್ಟ. ಕಂಪ್ಯೂಟರನ್ನು ಹಗಲೂ ರಾತ್ರಿ ಉರಿಯಲು ಬಿಟ್ಟ. ಫೋನು ಬಂದರೆ ಡಬ್ಬಿ ತಾನೇ ಎತ್ತುವ ಹಾಗೆ ಮಾಡಿದ. ಹೊತ್ತಲ್ಲದ ಹೊತ್ತಿನಲ್ಲಿ ಸದ್ದಾಗಿ ಮನೆಯವರು ಬಯ್ದಾರು ಎಂದು ಡಬ್ಬಿಯ ಸದ್ದನ್ನು ಅಡಗಿಸಿ, ಹಾಲಿನ ಫೋನಿನ ಹೊಟ್ಟೆಯಡಿ ಇರುವ ಚಕ್ರ ತಿರುಗಿಸಿ ಗಂಟೆಯ ಬಾಯಿ ಮುಚ್ಚಿದ. ಎಂಥ ಒಳ್ಳೇ ಯೋಚನೆ! ಎಲ್ಲರನ್ನೂ ನೆನೆಸಿಕೊಂಡ, ಕೇಳಬೇಕಾದವರೊಬ್ಬರನ್ನು ಬಿಟ್ಟು.

ಮಾರನೇ ಬೆಳಿಗ್ಗೆ ರಿಂಗ್ ಬರಲಿಲ್ಲ.

ಸರ್ವಮಂಗಳಮ್ಮ ಕಾದರು. ಹಾಲು ಕಾದು ಆರಿತು. ರಿಸೀವರ್ ಎತ್ತಿ ನೋಡಿದರು, ಸದ್ದು ಸರಿಯಾಗಿಯೇ ಇತ್ತು. ತಾವೇ ಹಚ್ಚಿದರು, ನೀವು ಕರೆದ ನಂಬರು ಸ್ವಿಚ್ ಆಫ್ ಆಗಿದೆ ಎಂದು ತಮಿಳಿನಲ್ಲಿ ಒಬ್ಬಳು ಹೇಳಿದಳು. ನಿದ್ದೆ ಹತ್ತಿರಬೇಕು, ಸೆಖೆ ಬೇರೆ, ಎಂದು ಮನಸ್ಸಿಗೆ ಹೇಳಿಕೊಂಡರು. ಅದರ ಮಾರನೇ ದಿನವೂ ಬರಲಿಲ್ಲ. ಮೊಣಕಾಲು ಹಿಡಿದುಕೊಂಡ ಹೆಂಗಸು, ಕಡಿದಾದ ಮೆಟ್ಟಿಲಿನ ಮನೆ. ಓಡಿ ಹೋಗಿ ನೋಡಿ ಬರುವ ಹಾಗಿಲ್ಲ. ಕೊಟ್ಟ ಮಾತಿತ್ತು. ಕೋಮಲಾಳನ್ನು ಕರೆದು ಅವಳ ಮೊಬೈಲಿನಿಂದ ವರುಣನಿಗೆ ಫೋನು ಮಾಡಿಸಿದರು.

"ರಿಂಗ್ ಬರಲಿಲ್ಲಪ್ಪಾ. ಸೀಕ್ರಂ ಹೋಗಿ ನೋಡು."

ಮಧ್ಯಾಹ್ನ ವರುಣನೇ ಕೋಮಲಾಳ ಮೊಬೈಲಿಗೆ ಫೋನು ಮಾಡಿದ. ದೊಡ್ಡಮ್ಮ ಚೆನ್ನಾಗಿದ್ದಾರೆ, ತುಳಸಿಗೆ ನೀರು ಹಾಕ್ತಿದ್ದರು ಅಂದ. ಸರ್ವಮಂಗಳಮ್ಮನವರ ಉಸಿರು ಬಂತು. ಆದರೆ ಅವನ ದನಿ ಇಳಿದೇ ಇತ್ತು.

"ಆಂಟಿ, ಹೆಂಗೆ ಹೇಳ್ಲಿ... ಎರಡು ದಿನಾನೂ ರಿಂಗ್ ಕೊಟ್ಟೆ ಅಂತಾರೆ. ನಿಮ್ಮ ಮನೇಲಿ ಯಾರೋ ಕಿರುಚ್ಕೊಂಡ್ರಂತೆ. ಹಕ್ಕಿ ಕುತ್ತಿಗೆ ಹಿಸುಕಿದ ಹಾಗೆ ಕೂಗಿ, ಆಮೇಲೆ ಹಾವಿನ ಥರ ಬುಸ್ ಅಂದ್ರಂತೆ. ಫೋನಲ್ಲಿ! ನನಗೆ ಮೊದಲಿಂದ ಡೌಟ್ ಇತ್ತು. ಈಗಷ್ಟೇ ಡಾಕ್ಟರ ಹತ್ರ ಕರ್ಕೊಂಡ್ ಹೋಗಿದ್ದೆ. ಗಡಿಯಾರ ಬರೀರಿ ಅಂದ್ರೆ ಬರೆಯೋಕೆ ಆಗಲಿಲ್ಲ. ಮರೆವಿನ ಕಾಯಿಲೆ ಶುರು ಆಗೋದೇ ಹೀಗಂತೆ. ಶುಕ್ರವಾರ ರಜೆ ಹಾಕಿದೀನಿ, ಮಂಡ್ಯಕ್ಕೆ ಬಿಟ್ಟು ಬರ್ತೀನಿ."

ಸರ್ವಮಂಗಳಮ್ಮ ಮೊಬೈಲನ್ನು ಕೋಮಲಾಳ ಕೈಗೆ ಕೊಟ್ಟು ಹಾಗೇ ಕೂತರು. ಜಯಾಳ ತಲೆ ಕೆಟ್ಟಿದೆಯೇ? ಮೊನ್ನೆ ತಾನೇ ಐವತ್ತು ವರ್ಷದ ಹಿಂದಿನ ಸಾಲುಮನೆಯವರ ಹೆಸರನ್ನೆಲ್ಲ ಬಾಗಿಲಿನ ಬಣ್ಣದ ಸಮೇತ ಹೇಳಿದವಳು. ಅವಳಿಗೆ ಯಾರು ಕಿರುಚಿಯಾರು?

ಗುರುವಾರ ಬೆಳಿಗ್ಗೆ ಇಡ್ಲಿ ತಿನ್ನುತ್ತಾ ಕುಮಾರಸ್ವಾಮಿ ಹೆಂಡತಿಗೆ ಹೇಳುತ್ತಿದ್ದ:

"ನನ್ನ ಡಬ್ಬಿಗೆ ಒಬ್ಬ ಗಿರಾಕಿ ಸಿಕ್ಕಿದಾನೆ ಕಣೇ! ಯಾರೋ ಗೊತ್ತಿಲ್ಲ. ಬೆಳಗಿನ ಜಾವವೇ ಫೋನ್ ಮಾಡ್ತಾನೆ. ಮೊದಲನೇ ದಿನ ಬಂದ, ಎರಡನೇ ದಿನ ಬಂದ. ನಮ್ಮ ಡಬ್ಬಿ ಎತ್ತಿ ಕರೀತೈತೆ, ಅವನ ಡಬ್ಬಿ ಉತ್ತರ ಕೊಡ್ತಿಲ್ಲ. ಪಾಪ, ಅವನ ಮೋಡೆಮ್ಮು ಎಂಥ ಹಳೇದೋ. ವಿಶ್ವನಾಥ ಅಂತೂ ಫುಲ್ ಖುಷಿ. ಗ್ರೂಪಿನಾಗೆ ಎಲ್ಲಾ ಚಪ್ಪಾಳೆ ಹಾಕಿದಾರೆ. ಇವತ್ತು ಯಾಕೋ ಬರಲಿಲ್ಲ."

ಸರ್ವಮಂಗಳಮ್ಮನವರ ಕೈಯಲ್ಲಿದ್ದ ಚಟ್ನಿಯ ಸೌಟು ಅಲ್ಲೇ ನಿಂತಿತು.

"ಎಷ್ಟೊತ್ತಿಗೆ ಬಂದಿದ್ದ ಅವನು?"

"ಐದೂವರೆ ಅಂತ ಪರದೆ ಮೇಲೆ ಬಂದೈತೆ. ಯಾಕಮ್ಮಾ?"

"ನಿನ್ನ ಡಬ್ಬಿ ಎತ್ತಿ ಹೆಂಗೆ ಕರೀತೈತೆ?"

"ಕೇಳಿಲ್ವಾ ನೀನು? ಕೊಯ್ಯ್, ಕೀಚ್, ಆಮೇಲೆ ಬುಸ್ಸ್—"

"ಸಾಕು!"

ಆ ಮನೆಗೆ ಕಾಲಿಟ್ಟ ಮೇಲೆ ಸರ್ವಮಂಗಳಮ್ಮ ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಕೋಮಲಾ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತಳು.

"ಅವನು ಗಿರಾಕಿ ಅಲ್ಲಲೇ. ಜಯಾ! ನನ್ನ ಬಾಣಂತನದಾಗೆ ನಿನಗೆ ಎರೆದು ತೊಟ್ಟಿಲಿಗೆ ಹಾಕಿದ ಜಯಾ! ನನಗೆ ಬರೋ ರಿಂಗನ್ನ ನಿನ್ನ ಡಬ್ಬಿ ಎತ್ತಿ ಅವಳ ಕಿವಿಯಾಗೆ ಕಿರುಚಿತು. ನೀನು ಚಪ್ಪಾಳೆ ತಗಂಡೆ. ಅವಳಿಗೆ ಹುಚ್ಚು ಅಂತ ಹೆಸರು ಬಂತು!"

ಕುಮಾರಸ್ವಾಮಿಯ ಮುಖ ಬಿಳುಚಿತು. ಆದರೂ ಬಾಯಿ ಸುಮ್ಮನಿರಲಿಲ್ಲ. "ಆ ಫೋನನ್ನ ಯಾರೂ ಎತ್ತೋದೇ ಇಲ್ವಲ್ಲಮ್ಮಾ! ಯಾವಾಗಾದ್ರೂ ಬೇಗ ಎಚ್ಚರ ಆದ್ರೆ ಕೇಳಿದೀನಿ, ಹೊಡಕಂಡು ಹೊಡಕಂಡು ನಿಲ್ತಿತ್ತು. ರಾಂಗ್ ನಂಬರು ಅನ್ಕಂಡಿದ್ದೆ. ಎತ್ತದೇ ಇರೋ ಫೋನು ಯಾತಕ್ಕೆ ಬರ್ತೈತೆ ಅಂತ ನನಗೇನು ಗೊತ್ತು?"

"ಗೊತ್ತಿಲ್ಲದಿದ್ರೆ ಕೇಳಬೇಕು. ಬಾಯಿ ಇಲ್ವಾ? ಊರಿನ ಯಾವ ಯಾವನನ್ನೋ ತಂತಿ ಮೇಲೆ ಕರೆದು ಮಾತಾಡಿಸ್ತೀಯಲ್ಲ, ಹಾಲಿನಾಗೆ ಕೂತಿರೋ ತಾಯಿನ ಒಂದು ಮಾತು ಕೇಳೋಕೆ ನಿನಗೆ ಯಾವ ಮೋಡೆಮ್ಮು ಬೇಕಿತ್ತು? ಏಳು. ಕೈ ತೊಳಿ. ಆಟೋ ಕರಿ."

ಮೆಟ್ಟಿಲಿಳಿಯಲು ಅವನು ಕೈ ಕೊಡಲು ಬಂದ. ಸರ್ವಮಂಗಳಮ್ಮ ಕೋಮಲಾಳ ಹೆಗಲು ಹಿಡಿದು ಇಳಿದರು.

ಕೋಡಂಬಾಕ್ಕಂನ ಆ ಒಂದು ರೂಮಿನಲ್ಲಿ ಆಗಲೇ ಅರ್ಧ ಸಾಮಾನು ಕಟ್ಟಿಯಾಗಿತ್ತು. ವರುಣ್ ಆಫೀಸಿಗೆ ಹೋಗುವ ಮುಂಚೆ ಬಂದು ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಜಯಲಕ್ಷ್ಮಮ್ಮ ಮಂಚವಿಲ್ಲದ ಜಾಗದಲ್ಲಿ, ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಗೆಳತಿಯನ್ನು ಕಂಡವರೇ ಕೇಳಿದರು:

"ಮಂಗಳಾ, ನೀನಾದ್ರೂ ಯೋಳು. ನಿಮ್ಮನೇಲಿ ಯಾರ್ ಕಿರುಚ್ಕಂಡೋರು?"

"ಕಿರುಚ್ಕಂಡಿದ್ದು ಇವನ ಡಬ್ಬಿ. ಹೇಳೋ," ಎಂದು ಸರ್ವಮಂಗಳಮ್ಮ ಮಗನನ್ನು ಮುಂದಕ್ಕೆ ತಳ್ಳಿದರು.

ಕುಮಾರಸ್ವಾಮಿ ಹೇಳಿದ. ನೆಟ್ಟಗೆ ಹೇಳಲಿಲ್ಲ. ನಡುನಡುವೆ ನಗುತ್ತಾ, ಇಂಗ್ಲಿಷು ಸೇರಿಸಿ, ಮೋಡೆಮ್ಮು ಹೇಗೆ ಎತ್ತುತ್ತದೆ, ಏಕೆ ಕೂಗುತ್ತದೆ ಎಂದು ವರುಣನಿಗೆ ಪಾಠ ಹೇಳುವವನ ಹಾಗೆ ಹೇಳಿದ. ಕೊನೆಗೆ, "ಆಕ್ಚುಲೀ ಇದು ಯಾರ ತಪ್ಪೂ ಅಲ್ಲಪ್ಪಾ. ಮಿಷಿನ್ ಅದರ ಕೆಲಸ ಮಾಡೈತೆ," ಅಂದ.

"ಮಿಷಿನ್ ತಪ್ಪಲ್ಲ. ಫೋನಿನ ತಪ್ಪಲ್ಲ. ನಿನ್ನ ತಪ್ಪಲ್ಲ," ಸರ್ವಮಂಗಳಮ್ಮ ಒಂದೊಂದಕ್ಕೂ ಒಂದು ಬೆರಳು ಮಡಚಿದರು. "ಹಂಗಾದ್ರೆ ಇವಳ ತಲೆದಾ ತಪ್ಪು? ವರುಣಾ, ಕೇಳಿದೆಯಲ್ಲಪ್ಪಾ. ಅವಳಿಗೆ ಕೇಳಿಸಿದ್ದು ನಿಜ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ. ಪೆಟ್ಟಿಗೆ ಬಿಚ್ಚು."

ವರುಣ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟ. ಒಳ್ಳೇ ಹುಡುಗನೇ. ಒಳ್ಳೆಯವರ ಹತ್ತಿರ ಜಗಳವಾಡುವುದೇ ಕಷ್ಟ.

"ಸರಿ ಆಂಟಿ, ಸೌಂಡು ನಿಜ ಅಂತಾನೇ ಇಟ್ಕೊಳ್ಳಿ. ಆದ್ರೆ ಗಡಿಯಾರ ಬರೆಯೋಕೆ ಆಗ್ಲಿಲ್ವಲ್ಲ?"

"ಗಡಿಯಾರ!" ಜಯಲಕ್ಷ್ಮಮ್ಮ ಗೋಡೆ ಬಿಟ್ಟು ನೆಟ್ಟಗಾದರು. "ನಾ ಯಾವತ್ತ್ ಇಸ್ಕೂಲ್ ಮೆಟ್ಲ್ ಅತ್ತಿದ್ದೆ? ಪೆನ್ನೇ ಇಡ್ದೋಳಲ್ಲ. ಅವಯ್ಯ ಒಂದ್ ಕಾಗ್ದ ಕೊಟ್ಟು ಗಡಿಯಾರ ಬರಿ, ಮುಳ್ಳು ಬರಿ ಅಂದ, ಅದೂ ತಮಿಳ್ನಲ್ಲಿ. ನಾನಂದೆ, ರಂಗೋಲಿ ಪುಡಿ ಕೊಡು ಸ್ವಾಮಿ, ತೇರೇ ಬರ್ದ್ ತೋರ್ಸ್ತೀನಿ ಅಂತ. ನಗಾಡ್ದ. ನೀನೂ ನಗಾಡ್ದೆ."

ವರುಣನ ಕಿವಿ ಕೆಂಪಾಯಿತು. ಆಮೇಲೆ ಅವನು ಹೇಳಿದ್ದು ಇನ್ನೊಂದು. "ದೊಡ್ಡಮ್ಮ, ಸಾರಿ. ನಿಮ್ಮ ತಲೆ ಸರಿಯಾಗೇ ಇದೆ. ಆದ್ರೆ ನೋಡಿ, ಒಂದು ಚಕ್ರ ತಿರುಗಿಸಿದ್ದಕ್ಕೆ ಎರಡು ದಿನ ಯಾರಿಗೂ ಏನೂ ಗೊತ್ತಾಗಲಿಲ್ಲ. ನಿಜವಾಗಲೂ ನೀವು ಬಿದ್ದಿದ್ರೆ? ಈ ರಿಂಗನ್ನ ನಂಬ್ಕೊಂಡು ನಾನು ಹೆಂಗೆ ನಿದ್ದೆ ಮಾಡ್ಲಿ?"

"ನಾನು ಹೇಳಲಿಲ್ವಾ ನಿನಗೆ?" ಸರ್ವಮಂಗಳಮ್ಮ ಕೇಳಿದರು. "ರಿಂಗ್ ಬರಲಿಲ್ಲ ಅಂತ ಹೇಳಿದೆನೋ ಇಲ್ಲವೋ? ನೀನು ಬಂದು ನೋಡಿದೆಯೋ ಇಲ್ಲವೋ? ನಾವಿಬ್ಬರು ಮುದುಕೇರು ಮಾಡ್ಕಂಡಿದ್ದ ಏರ್ಪಾಟು ಸರಿಯಾಗೇ ನಡೀತು. ಕೆಡಿಸಿದ್ದು ಓದಿದೋರು. ಶಿಕ್ಷೆ ನಮಗಾ?"

ಅಷ್ಟರಲ್ಲಿ ಮನೆಯ ಓನರು ಬಂದು ಬಾಗಿಲಲ್ಲಿ ನಿಂತ. ವರುಣ್ ಮನೆ ಖಾಲಿ ಮಾಡುತ್ತೇವೆ ಎಂದು ಫೋನಿನಲ್ಲಿ ಹೇಳಿದ ಸಂಜೆಯೇ ಆತ ಬೇರೆಯವರಿಗೆ ಮಾತು ಕೊಟ್ಟಿದ್ದ. ಊಟ ತಲುಪಿಸುವ ಕಂಪನಿಯ ಐದು ಜನ ಹುಡುಗರು, ಸೋಮವಾರ ಬರುತ್ತಾರೆ, ಸುಣ್ಣ ಹೊಡೆಸಬೇಕು. ಮಂಚವನ್ನು ಆಗಲೇ ಹಿಂದಿನ ಮನೆಯವರು ಒಯ್ದಾಗಿತ್ತು. "ಅಮ್ಮಾ, ನಾನ್ ಎನ್ನ ಪಣ್ಣಮುಡಿಯುಂ?" ತಾನೇನು ಮಾಡಲಾದೀತು ಎಂದು ಆತ ಕೈ ಚೆಲ್ಲಿದ. ಎಷ್ಟೋ ವರ್ಷದಿಂದ ಹಳೇ ಬಾಡಿಗೆಗೆ ಕೂತಿದ್ದ ಮುದುಕಿ ತಾನಾಗಿ ಎದ್ದರೆ ಯಾವ ಓನರು ಬೇಡ ಅಂದಾನು?

"ನಮ್ಮನೆಗೆ ಬಾ ಜಯಾ. ನನ್ನ ರೂಮಿನಾಗೆ ಇರು," ಎಂದರು ಸರ್ವಮಂಗಳಮ್ಮ.

ಜಯಲಕ್ಷ್ಮಮ್ಮ ಕುಮಾರಸ್ವಾಮಿಯ ಕಡೆ ಒಂದು ಸಲ ನೋಡಿದರು. ಅವನು ನೆಲ ನೋಡುತ್ತಿದ್ದ.

"ಬ್ಯಾಡ ಕಣೆ. ಇನ್ನೊಬ್ರ ಮನೇಲಿ ಇರೋದೇ ಆದ್ರೆ ತಂಗಿ ಮನೆ ಆಯ್ತು. ನಂಗೆ ಬೇಕಾಗಿದ್ದುದು ನನ್ ಮನೆ. ಮಾತ್ ಕೊಟ್ಟಿವ್ನಿ, ತುಟಿ ಎರಡ್ ಮಾಡಾಕಿಲ್ಲ ಅಂತ. ವೋಗ್ತೀನಿ."

"ನಾಳೆ ಶುಕ್ರವಾರ. ಶುಕ್ರವಾರ ಯಾರಾದ್ರೂ ಹೆಣ್ಣುಮಗಳನ್ನ ಮನೆಯಿಂದ ಹೊರಗೆ ಕಳಿಸ್ತಾರಾ? ಅದೂ ಲಕ್ಷ್ಮಿ ಅಂತ ಹೆಸರಿಟ್ಟೋಳನ್ನ?" ಸರ್ವಮಂಗಳಮ್ಮ ವರುಣನ ಕಡೆ ತಿರುಗಿದರು. "ಶನಿವಾರ ಆದ್ರೂ ಮಾಡು."

"ರಜೆ ಇರೋದು ನಾಳೆ ಮಾತ್ರ, ಆಂಟಿ. ಶನಿವಾರ ಕಾಲ್ ಇದೆ."

ಕಾಲ್ ಅಂತೆ. ಎಲ್ಲರಿಗೂ ಒಂದೊಂದು ಕಾಲ್ ಇರುತ್ತದೆ, ಅದನ್ನು ತಪ್ಪಿಸುವ ಹಾಗಿಲ್ಲ.

ಮನೆಗೆ ಬಂದ ಮೇಲೆ ಕುಮಾರಸ್ವಾಮಿ ತಾನಾಗಿಯೇ ಡಬ್ಬಿಯ ತಂತಿ ಕಿತ್ತ. ಮಣೆಯನ್ನು ಪಂಚೆಯಲ್ಲಿ ಸುತ್ತಲು ಹೋದಾಗ ಸರ್ವಮಂಗಳಮ್ಮ ತಡೆದರು.

"ಯಾಕೆ ಬಚ್ಚಿಡ್ತೀ? ಅದೇನು ಮಾಡಿತು ಪಾಪ. ನಿಮ್ಮಪ್ಪ ಕೊಡಿಸಿದ್ದು, ಇಟ್ಕೋ. ನಿನ್ನ ಗ್ರೂಪಿನೋರಿಗೆ ಮಾತ್ರ ಒಂದು ಮಾತು ತಿಳಿಸು: ಬೆಳಗಿನ ಗಿರಾಕಿ ಯಾರು ಅಂತ ಗೊತ್ತಾಯ್ತು, ಹೆಸರು ಜಯಲಕ್ಷ್ಮಮ್ಮ, ಅವರಿಗೆ ಹುಚ್ಚಿಲ್ಲ, ಹಿಂಗಾಯ್ತು ಅಂತ. ಚಪ್ಪಾಳೆ ಹಾಕಿದೋರು ಇದನ್ನೂ ಓದಲಿ."

ಅವನು ಆಯಿತು ಅಂದ. ತಿಳಿಸಿದನೋ ಇಲ್ಲವೋ. ಸರ್ವಮಂಗಳಮ್ಮ ಮತ್ತೆ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮಾರನೇ ಬೆಳಿಗ್ಗೆ ಬೇಗ ಹೊರಡುವುದೆಂದು ಆಗಿತ್ತು. ಕಾರು ಬರುವುದು ತಡವಾಯಿತು, ಡಿಕ್ಕಿಯಲ್ಲಿ ರುಬ್ಬುಗುಂಡು ಹಿಡಿಸಲಿಲ್ಲ, ಅದನ್ನು ಬಿಟ್ಟು ಬರುವುದಿಲ್ಲ ಎಂದು ಜಯಲಕ್ಷ್ಮಮ್ಮ ಹಟ ಹಿಡಿದರು, ಕೊನೆಗೆ ಅದನ್ನು ಕಾಲ ಬಳಿ ಇಟ್ಟುಕೊಂಡೇ ಕೂತರು. ಮಂಡ್ಯದ ಜಯಲಕ್ಷ್ಮಮ್ಮ ಮದರಾಸು ಬಿಟ್ಟು ಹೋದದ್ದು ಶುಕ್ರವಾರ, ಹಾಡುಹಗಲು, ರಾಹುಕಾಲದಲ್ಲಿ.